ಒದ್ದೆ ಚರ್ಮ, ಕಬ್ಬಿಣದ ಪುಡಿ

ತಾರೀಖು ೯, ಭಾನುವಾರ, ಮಧ್ಯಾಹ್ನ

ಪುಟ್ಟಿಯ ಅಮ್ಮನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಪುಟ್ಟಿ ಹಾಸ್ಟೆಲಿನಲ್ಲಿ ಹುಷಾರಾಗಿದ್ದಾಳೆ, ನಾನೂ ಹುಷಾರಾಗಿದ್ದೇನೆ. ನೀನು ಕುಂಡಗಳಲ್ಲಿ ಬೆಳೆಸಿದ್ದ ಗಿಡಗಳಲ್ಲಿ ಎರಡು ಒಣಗಿವೆ. ಅದಕ್ಕೆ ಬಿಸಿಲು ಕಾರಣವಲ್ಲ, ನಾನೇ ಕಾರಣ. ಮೇಲೆ ‘ಪ್ರಿಯ’ ಎಂದು ಬರೆಯಲು ಹೋಗಿ ಪೆನ್ನು ನಿಲ್ಲಿಸಿದೆ. ನೀನು ನಿನ್ನ ಅಕ್ಕನ ಮನೆಗೆ ಹೋಗಿ ಎಂಟು ತಿಂಗಳಾಯಿತು. ಆ ಮಾತು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ, ಪತ್ರ ಓದಿ ಮುಗಿಸಿ ನೀನೇ ಹೇಳು.

ನಿನಗೆ ಒಂದು ವಿಷಯ ಹೇಳಬೇಕು. ಹದಿಮೂರು ವರ್ಷದ ಹಿಂದೆಯೇ ಹೇಳಬೇಕಿತ್ತು. ನೇರವಾಗಿ ಹೇಳಲು ಇನ್ನೂ ಬಾಯಿ ಬರುತ್ತಿಲ್ಲ, ಸ್ವಲ್ಪ ಸುತ್ತು ಹಾಕಿ ಬರುತ್ತೇನೆ. ನಡುವೆ ಮಡಚಿ ಇಟ್ಟುಬಿಡಬೇಡ.

ನಾನು ಚರ್ಮದ ಮೇಲೆ ಚಿತ್ತಾರ ಕೆತ್ತುವುದನ್ನು ಕಲಿಯುತ್ತಿದ್ದೇನೆ. ನಗಬೇಡ. ಇದು ಪುಟ್ಟಿಯ ಕಿತಾಪತಿ. ನಿವೃತ್ತಿಯಾದ ಮೇಲೆ ನಾನು ದಿನಕ್ಕೆ ಮೂರು ಸಲ ಅವಳಿಗೆ ಫೋನ್ ಮಾಡಿ, ಹಾಸ್ಟೆಲಿನ ಊಟ, ಅವಳ ನಿದ್ದೆ, ಅವಳ ಗೆಳತಿಯರು, ಎಲ್ಲದರಲ್ಲೂ ಹುಳುಕು ತೆಗೆಯುತ್ತಿದ್ದೆ. ಅವಳು ತಾಳಲಾರದೆ, “ಅಪ್ಪಾ, ತಪ್ಪು ಹುಡುಕೋಕೆ ಈಗ ಮನೇಲಿ ಅಮ್ಮನೂ ಇಲ್ಲ. ಎಲ್ಲಾದ್ರೂ ಹೋಗಿ ನೀವೇ ನಾಲ್ಕು ತಪ್ಪು ಮಾಡಿ ಬನ್ನಿ,” ಎಂದು, ರಜೆಗೆ ಬಂದಾಗ ಈ ತರಗತಿಗೆ ನನ್ನ ಹೆಸರು ಕೊಟ್ಟು ಹೋದಳು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಉದ್ದನೆಯ ಮೇಜು, ಕಲಿಯುವವರು ನಾಲ್ಕೇ ಜನ. ಕಲಿಸುವ ಟೀಚರಮ್ಮನಿಗೆ ಎಪ್ಪತ್ತು ದಾಟಿದೆ. ಕಣ್ಣಿಗೆ ಪೊರೆ ಬಂದಿದೆ, ಬೆರಳಿನಲ್ಲೇ ನೋಡುತ್ತಾರೆ. ಮೊದಲ ಮೂರು ವಾರ ಚೂರುಪಾರು ಚರ್ಮದ ಮೇಲೆ ಬರೀ ಗೆರೆ ಎಳೆಸಿದರು. ಆಮೇಲೆ ಒದ್ದೆ ಮಾಡುವ ಪಾಠ. ಚರ್ಮಕ್ಕೆ ಸ್ಪಂಜಿನಿಂದ ನೀರು ಹಚ್ಚಿ ಕಾಯಬೇಕು. ಬೇಗ ಕೆತ್ತಿದರೆ ಗೆರೆ ಊದಿಕೊಳ್ಳುತ್ತದೆ, ತಡ ಮಾಡಿದರೆ ಅಚ್ಚು ಕೂರುವುದೇ ಇಲ್ಲ. ಎಷ್ಟು ನಿಮಿಷ ಕಾಯಬೇಕೆಂದು ನಾನು ಪುಸ್ತಕ ತೆಗೆದು ಬರೆದುಕೊಳ್ಳಲು ಕೂತೆ. “ಗಡಿಯಾರಕ್ಕೇನ್ರೀ ಗೊತ್ತು? ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿರಬೇಕು, ನೀರು ಅಂಟಬಾರದು,” ಎಂದರು. ಹೀಗೆ ಅರವತ್ತರ ಹತ್ತಿರದಲ್ಲಿ ನಾನು ಚರ್ಮವನ್ನು ಕೆನ್ನೆಗೊತ್ತಿಕೊಂಡು ಕೂರುವ ಹಾಗಾಯಿತು. ಮರದ ಕೊಡತಿಯನ್ನು ಗೋಡೆಗೆ ಮೊಳೆ ಹೊಡೆಯುವವನಂತೆ ಬೀಸಿದೆ. ಎಲೆ ಕೆತ್ತಲು ಹೋದರೆ ಕಪ್ಪೆ ಬಂತು. ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ, ಆ ಕಪ್ಪೆ ಇನ್ನೂ ಗೋಡೆಯ ಮೇಲೆ ತೂಗುತ್ತಿದೆ. ಇಪ್ಪತ್ತೆಂಟು ವರ್ಷ ಗಾಜಿನ ಕಾರ್ಖಾನೆಯಲ್ಲಿ ಲೋಟಗಳನ್ನು ಬೆಳಕಿಗೆ ಹಿಡಿದು ಬೇರೆಯವರ ಬಿರುಕು ಎಣಿಸಿದವನು ನಾನು. ತರಗತಿಯಲ್ಲಿ ಎಲ್ಲರೂ ನನ್ನನ್ನು ‘ಇನ್‌ಸ್ಪೆಕ್ಟರ್ ಸಾಹೇಬ್ರು’ ಎಂದೇ ಕರೆಯುತ್ತಾರೆ.

ನನ್ನ ಪಕ್ಕದ ಕುರ್ಚಿ ನಿವೃತ್ತ ನರ್ಸ್ ಒಬ್ಬರದು. ಅವರನ್ನು ನಾವು ಸಿಸ್ಟರ್ ಎನ್ನುತ್ತೇವೆ. ಎರಡು ತಿಂಗಳಿಂದ ಒಂದು ಚೀಲದ ಮುಂಭಾಗಕ್ಕೆ ಬಳ್ಳಿ ಕೆತ್ತುತ್ತಿದ್ದರು. ಕಂಡವರ ಮೈಗೆ ಸೂಜಿ ಚುಚ್ಚಿದ್ದೇ ಆಯಿತು, ಇದೊಂದು ನನಗಾಗಿ ಎನ್ನುತ್ತಿದ್ದರು. ಚರ್ಮ ಆರದಿರಲಿ ಎಂದು ಪ್ರತಿದಿನ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಮನೆಗೆ ಹೋಗುತ್ತಿದ್ದರು.

ಟೀಚರಮ್ಮನದು ಒಂದು ಕಟ್ಟಪ್ಪಣೆ ಇತ್ತು. ಚಾಕು ಮಸೆಯುವುದಾದರೆ ಹಿಂದಿನ ಕಿಟಕಿಯ ಹತ್ತಿರ ಹೋಗಿ ಮಸೆಯಬೇಕು, ಮೇಜಿನ ಬಳಿ ಅಲ್ಲ. ನನಗೆ ಅದು ಅನಾವಶ್ಯಕ ನಿಯಮ ಎನ್ನಿಸಿತ್ತು. ಕಳೆದ ಸೋಮವಾರ ನನ್ನ ಚಾಕು ಮೊಂಡಾಯಿತು. ಏಳಲು ಸೋಮಾರಿತನ. ಚೀಲದಿಂದ ಅರ ತೆಗೆದು, ಕೂತಲ್ಲೇ ಅಲಗನ್ನು ಉಜ್ಜಿ, ಬಿದ್ದ ಪುಡಿಯನ್ನು ಉಫ್ ಎಂದು ಊದಿಬಿಟ್ಟೆ. ಅದು ಸಿಸ್ಟರ್ ಕಡೆ ಹೋಯಿತು.

ಮಂಗಳವಾರ ಅವರು ಪ್ಲಾಸ್ಟಿಕ್ ಬಿಚ್ಚಿದಾಗ ಬಳ್ಳಿಯ ತುಂಬಾ ಕಪ್ಪು ಚುಕ್ಕೆಗಳು, ಮೆಣಸಿನ ಪುಡಿ ಚೆಲ್ಲಿದ ಹಾಗೆ. ಟೀಚರಮ್ಮ ಕಣ್ಣಿನ ಹತ್ತಿರ ಹಿಡಿದು, ಮೂಸಿ, “ಪ್ಲಾಸ್ಟಿಕ್‌ನಲ್ಲಿ ಇಟ್ಟಿದ್ದಕ್ಕೆ ಬೂಷ್ಟು ಹಿಡಿದಿದೆ ಕಣಮ್ಮ. ಇದಕ್ಕೆ ಮದ್ದಿಲ್ಲ,” ಎಂದರು. ಸಿಸ್ಟರ್ ಅಳಲಿಲ್ಲ. ತಮ್ಮ ಎರಡು ಕೈಗಳನ್ನೂ ನೋಡಿಕೊಂಡು, “ಈ ಕೈಗಳ ಕಾಲ ಮುಗೀತು ಅನ್ಸುತ್ತೆ,” ಎಂದರು. ಬುಧವಾರದಿಂದ ಅವರ ಕುರ್ಚಿ ಖಾಲಿ.

ಸೋಮವಾರವೂ ತೊಟ್ಟಿದ್ದ ನನ್ನ ಅಂಗಿಯ ತೋಳಿನ ಮೇಲೆ ಬೂದು ಬಣ್ಣದ ಪುಡಿ ಇದ್ದುದನ್ನು ನಾನು ಮಂಗಳವಾರವೇ ಕಂಡಿದ್ದೆ. ಕಿಟಕಿಯ ಹತ್ತಿರ ಯಾಕೆ ಮಸೆಯಬೇಕೆಂಬುದು ಆಗಲೇ ತಲೆಗೆ ಹತ್ತಿತ್ತು. ಆದರೂ ಟೀಚರಮ್ಮನೇ ಬೂಷ್ಟು ಎಂದ ಮೇಲೆ ಬೂಷ್ಟೇ ಇರಬೇಕು ಎಂದು ತೆಪ್ಪಗಿದ್ದೆ. ಮೂರು ದಿನ ಖಾಲಿ ಕುರ್ಚಿಯ ಪಕ್ಕ ಕೂತು ಎಲೆ ಕೆತ್ತಿದೆ. ಕೈ ಪಳಗಿತ್ತು, ಎಲೆ ಎಲೆಯಂತೆಯೇ ಬರುತ್ತಿತ್ತು, ಆದರೆ ಒಂದನ್ನೂ ನೋಡಬೇಕೆನಿಸಲಿಲ್ಲ.

ನಿನ್ನೆ ಸಿಸ್ಟರ್ ಸಾಮಾನು ಹಿಂದಿರುಗಿಸಲು ಬಂದರು. ಹೊಸಬರಿಗೆ ಗೆರೆ ಎಳೆಯಲಾದರೂ ಆಗಲಿ ಎಂದು ಟೀಚರಮ್ಮ ಆ ಬಳ್ಳಿಯನ್ನು ತುಂಡು ಮಾಡಲು ಕತ್ತರಿ ಎತ್ತಿಕೊಂಡರು. ನಾನು ಎದ್ದು ನಿಂತೆ. “ಅದು ಬೂಷ್ಟಲ್ಲ. ಇಲ್ಲೇ ಕೂತು ಅರ ಉಜ್ಜಿದ್ದು ನಾನು. ಪುಡಿ ಊದಿದ್ದೂ ನಾನೇ,” ಎಂದೆ.

ಬೈಗುಳಕ್ಕೆ ಕಾದೆ. ಟೀಚರಮ್ಮ ಕತ್ತರಿ ಕೆಳಗಿಟ್ಟು, “ಕಬ್ಬಿಣವಾ? ಅಯ್ಯೋ, ಅದನ್ನ ಮಂಗಳವಾರವೇ ಬಾಯಿ ಬಿಡೋಕೇನಾಗಿತ್ತು ನಿಮಗೆ!” ಎಂದು ಒಂದು ನಿಂಬೆಹಣ್ಣು ತರಿಸಿದರು. ರಸವನ್ನು ಬಟ್ಟೆಯಲ್ಲಿ ಅದ್ದಿ ಮೆಲ್ಲಗೆ ಒರೆಸಿದರು. ನಾವು ನೋಡುತ್ತಿದ್ದಂತೆ ಚುಕ್ಕೆಗಳು ಬೂದಾದವು, ಮಸುಕಾದವು, ಹೋದವು. ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದಂತೆ, ನಿಂಬೆರಸಕ್ಕೆ ಬಿಡುತ್ತದಂತೆ. “ಬೂಷ್ಟಾಗಿದ್ರೆ ಇದರಿಂದ ಇನ್ನೂ ಕೆಡ್ತಿತ್ತು. ಯಾತರ ಕಲೆ ಅಂತ ಗೊತ್ತಾಗದೆ ನಾನೇನು ಹಚ್ಚಲಿ ಹೇಳಿ?” ಎಂದರು. ಸಿಸ್ಟರ್ ನನ್ನ ಮೇಲೆ ಸಿಟ್ಟಾಗಲೇ ಇಲ್ಲ. ಕುರ್ಚಿ ಎಳೆದುಕೊಂಡು ಕೂತು, “ಹಂಗಾದ್ರೆ ನನ್ನ ಕೈ ಸರಿಯಾಗೇ ಇದೆ,” ಎಂದು ನಕ್ಕರು. ಆಮೇಲೆ ಅತ್ತರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಇಳಿದುಬಂದು ಮೆಟ್ಟಿಲ ಮೇಲೆ ಕೂತೆ. ನಿನ್ನ ಕೈಗಳು ನೆನಪಾದವು.

ಈಗ ಹೇಳುತ್ತೇನೆ. ಆ ದಿನ, ನಮ್ಮ ಕಾರು ಇಳಿಜಾರಿನಲ್ಲಿ ತಾನಾಗಿ ಉರುಳಿ ಗೇಟಿನ ಕಂಬಕ್ಕೆ ಗುದ್ದಿದ ದಿನ, ಆರು ವರ್ಷದ ಪುಟ್ಟಿ ಕಂಬದಿಂದ ಒಂದು ಗೇಣು ಆಚೆ ಇದ್ದ ದಿನ, ನೀನು ಹ್ಯಾಂಡ್‌ಬ್ರೇಕ್ ಸರಿಯಾಗಿಯೇ ಎಳೆದಿದ್ದೆ. ನೀನು ಒಳಗೆ ಹೋದ ಮೇಲೆ ನಾನು ಕಾರಿಗೆ ಹೋಗಿದ್ದೆ. ನನ್ನ ಕನ್ನಡಕ ಸೀಟಿನ ಸಂದಿಗೆ ಬಿದ್ದಿತ್ತು, ಕೈ ತೂರಿಸಲು ಬ್ರೇಕನ್ನು ಸ್ವಲ್ಪ ಇಳಿಸಿದೆ. ಮತ್ತೆ ಎಳೆದೆ, ಪೂರ್ತಿ ಎಳೆಯಲಿಲ್ಲ. ಹತ್ತು ನಿಮಿಷ ತಡೆದು ನಿಂತ ಕಾರು ಆಮೇಲೆ ಹೊರಟಿತು. ಸದ್ದು ಕೇಳಿ ಓಡಿಬಂದವನೇ ಬೀದಿಯವರ ಮುಂದೆ, ನಿನ್ನ ಗಮನ ಎಲ್ಲಿತ್ತು ಎಂದು ನಿನ್ನ ಮೇಲೆ ಕೂಗಾಡಿದೆ. ಒಡೆದ ದೀಪ ನೋಡಲು ಕನ್ನಡಕ ಹಾಕಿಕೊಂಡಾಗಲೇ ನನಗೆ ನೆನಪಾದದ್ದು. ಆಗಲೇ ಹೇಳಬಹುದಿತ್ತು. ಕೂಗಾಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಯಿತು.

ಅಷ್ಟು ಖುಷಿಯಿಂದ ಕಾರು ಓಡಿಸುತ್ತಿದ್ದ ನೀನು ಅಂದಿನಿಂದ ಸ್ಟೀರಿಂಗ್ ಮುಟ್ಟಲಿಲ್ಲ. ಎಲ್ಲಿಗೂ ಎರಡು ಬಸ್ಸು ಬದಲಿಸಿ ಹೋದೆ. ಒಲೆ ಆರಿಸಿದೆನಾ, ಬೀಗ ಹಾಕಿದೆನಾ ಎಂದು ಮೂರು ಮೂರು ಸಲ ತಿರುಗಿ ನೋಡತೊಡಗಿದೆ. ನಾನು ಅದಕ್ಕೂ ಹಂಗಿಸಿದೆ. ಹೊರಡುವ ದಿನ ನೀನು, “ನಿಮ್ಮ ಜೊತೆ ಇದ್ರೆ ನಾನು ದಿನಾ ತಪ್ಪು ಮಾಡೋಳೇ ಆಗ್ಬಿಡ್ತೀನಿ,” ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ತಪ್ಪು ನನ್ನದು. ನಿನ್ನ ಕೈ ಸರಿಯಾಗಿಯೇ ಇತ್ತು, ಈಗಲೂ ಇದೆ. ಇಷ್ಟು ಬರೆದ ಮೇಲೆ ಎದೆಯ ಭಾರ ಇಳಿದಂತಾಗಿ ಒಂದು ಲೋಟ ನೀರು ಕುಡಿದು ಬಂದೆ. ನನಗೆ ಹಗುರವಾಯಿತು ಎಂದು ನಿನಗೆ ಹೇಳಲೂ ಸಂಕೋಚ. ನೀನು ಸಿಟ್ಟಾಗು, ಬೈದು ಬರೆ, ನಿನ್ನ ಅಕ್ಕನ ಕೈಲೂ ಬೈಸು. ವಾಪಸು ಬಾ ಎಂದು ಕೇಳಲು ಬರೆದದ್ದಲ್ಲ. ಬಂದರೆ ಬೇಡ ಎನ್ನುವಷ್ಟು ಮೂರ್ಖನೂ ನಾನಲ್ಲ.

ಇಂತಿ,
ನೀನು ಒಪ್ಪಿದರೆ ನಿನ್ನವನು,
ಪುಟ್ಟಿಯ ಅಪ್ಪ

ವಿ.ಸೂ.: ಪತ್ರಕ್ಕೆ ಕೂರುವ ಮೊದಲು ಪುಟ್ಟಿಗೆ ಫೋನ್ ಮಾಡಿ ಕಾರಿನ ವಿಷಯವನ್ನೆಲ್ಲಾ ಹೇಳಿದೆ. “ನಂಗೊತ್ತು ಅಪ್ಪಾ. ನೀವು ಕಾರಿನ ಬಾಗಿಲು ತೆಗೆದು ಬಗ್ಗಿದ್ದನ್ನ ನಾನು ಗೇಟಿನ ಹತ್ರದಿಂದ ನೋಡ್ತಿದ್ದೆ,” ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಆಗ ನಿಮ್ಮ ಕೂಗಿಗೆ ಹೆದರಿಕೆ. ದೊಡ್ಡೋಳಾದ್ಮೇಲೆ, ನೀವೇ ಹೇಳ್ತೀರ ಅಂತ ಕಾಯ್ತಿದ್ದೆ,” ಎಂದಳು. ಅವಳನ್ನು ಬೈಯಬೇಡ, ಆ ಮಗುವಿನ ಮೇಲೂ ಹೊರೆ ಹೊರಿಸಿದವನು ನಾನೇ. ಫೋನ್ ಇಡುವಾಗ, “ಹಂಗಾದ್ರೆ ಇನ್ಮೇಲೆ ಅಮ್ಮ ಆ ದಿನದ ಮಾತು ತೆಗೆದಾಗೆಲ್ಲ ನಾನು ಎದ್ದು ಹೋಗ್ಬೇಕಾಗಿಲ್ಲ,” ಎಂದು ನಕ್ಕಳು.