ಕಾಫಿ ಬಣ್ಣದ ಪ್ಲಗ್

೧೭ ನವೆಂಬರ್ ೨೦೨೪, ಭಾನುವಾರ

ಮೂರು ವಾರದಿಂದ ತಲೆ ತಿನ್ನುತ್ತಿದ್ದ ಆ ಪಟಪಟ ಸದ್ದು ಇವತ್ತು ನಿಂತಿತು. ಗೆದ್ದೆ!

ಹೊಸ ಸೈಲೆನ್ಸರ್ ಹಾಕಿಸಿದಾಗಿನಿಂದ ಆಕ್ಸಿಲರೇಟರ್ ಬಿಟ್ಟರೆ ಸಾಕು, ಬೈಕು ಪಟಾಕಿ ಹೊಡೆಯುತ್ತಿತ್ತು. ಇಂಜಿನ್ ಕಾದ ಹೆಂಚು. ಹೊಸ ಸೈಲೆನ್ಸರಿನಲ್ಲಿ ಹೊಗೆ ಸಲೀಸಾಗಿ ಹೋದರೆ ಗಾಳಿ ಹೆಚ್ಚು ಬರುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡಲು ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹರಿಯುವ ಸಣ್ಣ ತೂತು, ದೊಡ್ಡದಾಗಬೇಕು ಅಂತ ನಾನು. ಚಂದ್ರಾ ಲೇಔಟಿನ ನಮ್ಮ ಮೆಕ್ಯಾನಿಕ್ ಕಾಂತರಾಜಣ್ಣನೋ, ಯಾವ ಬೈಕ್ ಬಂದರೂ ಕೇಳದೆಯೇ ಮೈಲೇಜಿಗೆ ಸೆಟ್ ಮಾಡುವವರು. ಪ್ರತಿ ಸಲವೂ ಪೆಟ್ರೋಲ್ ಇನ್ನಷ್ಟು ಕಮ್ಮಿ ಮಾಡಿದರು. "ದೊಡ್ಡ ಜೆಟ್ ಹಾಕಿದ್ರೆ ಪೆಟ್ರೋಲ್ ಕುಡಿಯುತ್ತೆ ಮೇಡಂ. ಹಳೇ ಸೈಲೆನ್ಸರೇ ಹಾಕಿಸ್ಕೊಳ್ಳಿ."

ಇವತ್ತು ಎರಡು ಸೈಜ್ ದೊಡ್ಡ ಜೆಟ್ಟನ್ನು ನಾನೇ ತಂದು ಕೊಟ್ಟೆ. "ಇದೂ ಆಗ್ಲಿಲ್ಲ ಅಂದ್ರೆ ಹಳೇ ಸೈಲೆನ್ಸರೇ ಹಾಕಿ ಅಣ್ಣ, ಒಂದು ಮಾತೂ ಆಡಲ್ಲ." ಗೊಣಗುತ್ತಲೇ ಹಾಕಿಕೊಟ್ಟರು. ನಾಗರಭಾವಿ ರಿಂಗ್ ರೋಡಿನ ಏರಿನಲ್ಲಿ ಫುಲ್ ಎಳೆದು, ಅಲ್ಲೇ ಇಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಪೆಟ್ರೋಲ್ ಸಾಲದೆ ಸುಣ್ಣದಂತೆ ಬೆಳ್ಳಗಿರುತ್ತಿದ್ದ ತುದಿ ಒಳ್ಳೆ ಕಾಫಿ ಬಣ್ಣಕ್ಕೆ ತಿರುಗಿತ್ತು, ಅಂದರೆ ಈಗ ಪೆಟ್ರೋಲ್ ಸರಿಯಾಗಿ ಸಿಗುತ್ತಿದೆ!

ವಾಪಸು ಬಂದು ತೋರಿಸಿದರೆ ಕಾಂತರಾಜಣ್ಣ ಅದನ್ನು ಬಿಸಿಲಿಗೆ ಹಿಡಿದು ನೋಡಿ, ವಾಪಸು ಕೊಟ್ಟು ತಮ್ಮ ಕೆಲಸಕ್ಕೆ ತಿರುಗಿದರು. ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಹೊಸ ಸೈಲೆನ್ಸರಿನಲ್ಲಿ ಪಟಪಟ ಅನ್ನಿಸುತ್ತಾ ಬಂದು, "ಅಣ್ಣ, ಮೈಲೇಜ್ ಸೆಟ್ ಮಾಡ್ಕೊಡಿ" ಅಂದ.

ಕಾಂತರಾಜಣ್ಣ ಎತ್ತಿಕೊಂಡ ಸ್ಕ್ರೂಡ್ರೈವರನ್ನು ಕೆಳಗಿಟ್ಟರು.

"ಮೈಲೇಜ್ ಆಮೇಲೆ. ಮೊದ್ಲು ಪ್ಲಗ್ ಬಿಚ್ಚಪ್ಪ, ಬಣ್ಣ ನೋಡಿ ಮೇಡಂ ಹೇಳ್ತಾರೆ."