ತಮ್ಮನ ಬಿಪಿ

ಭಾವನವರಿಗೆ ನಮಸ್ಕಾರಗಳು.

ನಿಮ್ಮ ತಮ್ಮನ ಬಿಪಿ ಇಳಿಯುತ್ತಲೇ ಇಲ್ಲ. ಉಪ್ಪು ಬಿಡಿಸಿದ್ದಾಯಿತು, ಮೂರು ಸಲ ಮಾತ್ರೆ ಬದಲಾಯಿಸಿದ್ದಾಯಿತು. "ಏನಾದ್ರೂ ಮನಸ್ಸಿಗೆ ಹಚ್ಕೊಂಡಿದೀರಾ?" ಎಂದು ಡಾಕ್ಟರು ಕೇಳಿದರೆ ಇವರು "ಏನಿಲ್ಲ ಸಾರ್" ಎನ್ನುತ್ತಾರೆ. ಪಕ್ಕದಲ್ಲಿ ಕೂತ ನಾನು ಹಣೆ ಚಚ್ಚಿಕೊಳ್ಳಬೇಕು.

ನೀವಿಬ್ಬರೂ ಜಗಳವಾಡಿ, ಮರಗೆಲಸದ ಅಂಗಡಿಯ ನಡುವೆ ಹಲಗೆಗೋಡೆ ಹೊಡೆದು ಎರಡು ವರ್ಷವಾಯಿತು. ಕಳೆದ ವಾರ ಜ್ವರವೆಂದು ನೀವು ಮೂರು ದಿನ ಅಂಗಡಿಗೆ ಬರಲಿಲ್ಲವಲ್ಲ, ಆಗ ಇವರು ಆ ಹಲಗೆಗೆ ಕಿವಿಯಿಟ್ಟು ನಿಂತಿದ್ದರು. ಊಟ ಸೇರಲಿಲ್ಲ. ಬಿಪಿ ನೂರಾ ಎಂಬತ್ತಕ್ಕೆ ಏರಿತು. "ಹೋಗಿ ನೋಡ್ಕೊಂಡು ಬನ್ನಿ" ಎಂದರೆ, "ಅಣ್ಣ ನನ್ನನ್ನ ಕರೆದ್ನಾ?" ಎಂದರು. ಎರಡು ವರ್ಷದ ಮೇಲೆ ಅವರ ಬಾಯಲ್ಲಿ 'ಅಣ್ಣ' ಎಂಬ ಮಾತು ಬಂತು. ನಾಲ್ಕನೆಯ ದಿನ ನಿಮ್ಮ ಗರಗಸದ ಸದ್ದು ಕೇಳಿದ ಮೇಲೆ ಎರಡು ಸಲ ಅನ್ನ ಬಡಿಸಿಕೊಂಡರು.

ಇದಕ್ಕೆ ಯಾವ ಡಾಕ್ಟರು ಮಾತ್ರೆ ಕೊಡುತ್ತಾರೆ, ನೀವೇ ಹೇಳಿ?

ನನಗೆ ಸಾಕಾಗಿದೆ. ಇವತ್ತು ಬೆಳಗ್ಗೆ ನಾನೇ ಸುತ್ತಿಗೆ ಹಿಡಿದು ಎರಡು ಹಲಗೆ ಕಿತ್ತೆ. ಇವರು ಸಹಾಯ ಮಾಡಲಿಲ್ಲ, ತಡೆಯಲೂ ಇಲ್ಲ. ಉಳಿದ ಮೊಳೆಗಳು ನನ್ನ ಕೈಗೆ ಬಗ್ಗುತ್ತಿಲ್ಲ. ಬೈಯುವುದಿದ್ದರೆ ಬಂದು ಇವರ ಎದುರಿಗೇ ಬೈಯಿರಿ. ನಾನು ಅಡ್ಡ ಬರುವುದಿಲ್ಲ.

ಇಂತಿ,
ನಿಮ್ಮ ತಮ್ಮನ ಹೆಂಡತಿ