ತುಲುಗಾಕ್‌ಗೆ ತಂದ ಕೆಂಪು ಕೊರಳಪಟ್ಟಿ

ನಿವಿ,

ನಾಯಿಗಾಡಿ ಕಟ್ಟಿಕೊಂಡು ಹೊರಟಿದ್ದೇನೆ. ನಮ್ಮ ಮುದಿ ಮುಂದಾಳು ನಾಯಿ ತುಲುಗಾಕ್ ಕೂಡ ಜೊತೆಗಿದ್ದಾಳೆ. ಗೋಡೆಯ ಮೇಲಿನ ಬಂದೂಕು ನನ್ನ ಜೊತೆಗಿದೆ, ಹುಡುಕಬೇಡ. ನಿನ್ನನ್ನು ಎಬ್ಬಿಸುವ ಧೈರ್ಯ ಬರಲಿಲ್ಲ.

ಒಲೆಯ ಮೇಲೆ ಸೀಲ್ ಮಾಂಸದ ಸಾರಿದೆ, ಬಿಸಿ ಮಾಡಿಕೋ. ಮರಿಗಳಿಗೆ ಒಣಮೀನು ದೂರದಿಂದಲೇ ಎಸೆ. ತಿನ್ನುವಾಗ ಇವು ಯಾರ ಮಾತೂ ಕೇಳುವುದಿಲ್ಲ.

"ಅವಳನ್ನ ನನ್ ಜೊತೆ ನೂಕ್ ಪಟ್ಟಣಕ್ಕೆ ಕಳ್ಸಪ್ಪಾ, ಮೆತ್ತಗಿರೋ ಹಾಸಿಗೆ ಹಾಕ್ತೀನಿ" ಅಂತ ನೀನು ನಿನ್ನೆಯೆಲ್ಲ ಹಟ ಹಿಡಿದೆ. ಹಿಮದಲ್ಲೇ ಮಲಗಿ ಬೆಳೆದವಳಿಗೆ ಹಾಸಿಗೆಯಂತೆ! ಒಮ್ಮೆ ದಕ್ಷಿಣದ ನೂಕ್‌ಗೆ ಹೋದ ನಾಯಿ ಮತ್ತೆ ಇಲ್ಲಿ ಕಾಲಿಡಲು ಕಾನೂನು ಬಿಡುವುದಿಲ್ಲ, ನಿನಗೂ ಗೊತ್ತು. ಅಲ್ಲಿ ಅವಳು ಊಳಿಟ್ಟರೆ ಮಾರುತ್ತರ ಕೊಡಲು ಒಂದು ಗಾಡಿನಾಯಿಯೂ ಇರುವುದಿಲ್ಲ.

ಅವಳ ಉಪಕಾರ ನಾನು ಮರೆತಿಲ್ಲ. ಅವತ್ತು ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಾನು ಎಷ್ಟು ಗದರಿದರೂ ಅವಳು ಹೆಜ್ಜೆ ಎತ್ತಲಿಲ್ಲ. ಮುಂದೆ ಮಂಜುಗಡ್ಡೆ ಬಿರುಕು ಬಿಟ್ಟಿತ್ತು. ಪುಟ್ಟವಳಾದ ನೀನು ಗಾಡಿಯಲ್ಲಿ ನಿದ್ದೆ ಹೋಗಿದ್ದೆ. ಅದಕ್ಕೇ ಅವಳನ್ನು ಬೇರೆಯವರ ಕೈಗೆ ಕೊಡಲಾರೆ. ಮುದಿ ನಾಯಿಯ ನೋವು ಮುಗಿಸುವ ಈ ಕೆಲಸವನ್ನು ಸಾಕಿದವನೇ ಮಾಡಬೇಕು ಅನ್ನುವುದು ನಮ್ಮ ಪದ್ಧತಿ.

ಅವಳ ಹಿಂಗಾಲುಗಳು ಪೂರ್ತಿ ಸೋತಿವೆ. ಆದರೂ ಬೆಳಿಗ್ಗೆ ಗಾಡಿ ಎಳೆಯುವ ಪಟ್ಟಿ ಹಿಡಿದದ್ದೇ ತಡ, ತಾನೇ ತಲೆ ತೂರಿಸಿದಳು. ಎಳೆಯಲು ಆಗಲಿಲ್ಲ. ಎತ್ತಿ ಗಾಡಿಯಲ್ಲಿ ಕೂರಿಸಿದ್ದೇನೆ, ನೀನು ಮಲಗುತ್ತಿದ್ದ ಜಾಗದಲ್ಲಿ.

ನಾನು ಬಂದಾಗ ಏನೂ ಕೇಳಬೇಡ, ಕಾಫಿ ಕೊಡು, ಸಾಕು. ನೂಕ್‌ನಲ್ಲಿ ಕಟ್ಟಲೆಂದು ನೀನು ತಂದ ಕೆಂಪು ಕೊರಳಪಟ್ಟಿ ನನ್ನ ಜೇಬಿನಲ್ಲಿದೆ. ಅದನ್ನು ಅವಳಿಗೆ ಕಟ್ಟಿ, ನಿವಿ ಕೊಟ್ಟಿದ್ದು ಅಂತ ಕಿವಿಯಲ್ಲಿ ಹೇಳುತ್ತೇನೆ.

ಅಪ್ಪ